‘ಡಿಡ್ ಯು ವೆಂಟ್’ ಅನ್ನದೆ ಇಂಗ್ಲಿಷ್ ಕಲಿಯುವುದು ಹೇಗೆ?

ಆಲೂರು, ಅರಕಲಗೂಡು, ಬೇಲೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಹಾಸನದ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಇಂಗ್ಲಿಷ್ ಪದಗಳಿಗೆ ಅವರಲ್ಲಿ ಬರವಿಲ್ಲ. ರೀಚಾರ್ಜು, ಸಿಲಬಸ್ಸು, ಅಟೆಂಡೆನ್ಸು ಎಲ್ಲವೂ ನಾಲಿಗೆ ತುದಿಯಲ್ಲೇ ಇವೆ. ತೊಡಕು ಬರುವುದು ಪದಕ್ಕೆ ಪದ ಜೋಡಿಸುವಾಗ. ಸಂಜೆಯ ಟ್ಯೂಷನ್‌ನಲ್ಲಿ ನನ್ನ ಕಿವಿಗೆ ಬೀಳುವ ತಪ್ಪುಗಳಲ್ಲಿ ಮೊದಲ ಸ್ಥಾನ ‘ಡಿಡ್ ಯು ವೆಂಟ್?’ ಎಂಬುದಕ್ಕೆ. ಅದರ ಹಿಂದೆಯೇ ‘ಐ ಆ್ಯಮ್ ಅಗ್ರೀ’ ಬರುತ್ತದೆ. ಎರಡರ ಬೇರೂ ಒಂದೇ.

ಶುರು ಮಾಡುವ ಮುಂಚೆ ಒಂದು ಮಾತು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿ ನೇತುಹಾಕಿರುವ ಹನ್ನೆರಡು ಟೆನ್ಸ್‌ಗಳ ಚಾರ್ಟನ್ನು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಗೋಡೆಯಿಂದ ಇಳಿಸಿ. ‘ಐ ಶಲ್ ಹ್ಯಾವ್ ಬೀನ್ ಗೋಯಿಂಗ್’ ಎಂದು ಬೈಹಾರ್ಟ್ ಮಾಡಿದ ಹುಡುಗನಿಗೆ ‘ನೀನು ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೇಳಲು ಬರುವುದಿಲ್ಲ. ಆರಂಭಕ್ಕೆ ‘ಗೋ’, ‘ಆ್ಯಮ್ ಗೋಯಿಂಗ್’, ‘ವೆಂಟ್’, ‘ವಿಲ್ ಗೋ’ ಈ ನಾಲ್ಕು ಸಾಕು.

ಹಂತ 1: ಪದಗಳ ಸಾಲು

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ‘ನಾನು ಕಾಫಿ ಕುಡಿದೆ’ ಎನ್ನುವುದು ‘ಐ ಡ್ರ್ಯಾಂಕ್ ಕಾಫಿ’. ನಮ್ಮಲ್ಲಿ ‘ಕುಡಿದೆ’ ಎಂದರೆ ಕುಡಿದವರು ಯಾರೆಂದು ತಿಳಿಯುತ್ತದೆ. ಅಲ್ಲಿ ‘ಐ’ ಬಿಡುವಂತಿಲ್ಲ. ಮಳೆಗೂ ಒಂದು ಕರ್ತೃ ಬೇಕು: ‘ಇಟ್ ಈಸ್ ರೈನಿಂಗ್’. ಇಷ್ಟು ಒಂದೇ ದಿನದಲ್ಲಿ ಬರುತ್ತದೆ, ಮುಂದಕ್ಕೆ ಹೋಗೋಣ.

ಹಂತ 2: ಎರಡು ಮನೆ

ಎಲ್ಲರೂ ಮುಗ್ಗರಿಸುವುದು ಇಲ್ಲೇ, ಹಾಗಾಗಿ ನಿಧಾನಿಸಿ. ಇಂಗ್ಲಿಷ್ ಕ್ರಿಯಾಪದಗಳಿಗೆ ಎರಡು ಮನೆ ಇವೆ ಅಂದುಕೊಳ್ಳಿ. ಒಂದು ಆ್ಯಮ್, ಈಸ್, ಆರ್, ವಾಸ್, ವರ್ ಇರುವ ಮನೆ. ಇನ್ನೊಂದು ಡು, ಡಸ್, ಡಿಡ್ ಇರುವ ಮನೆ. ಒಂದು ವಾಕ್ಯ ಒಂದು ಮನೆಯಲ್ಲಿ ಮಾತ್ರ ಇರಬೇಕು.

ಮೊದಲ ಮನೆ ಸುಲಭ. ಯಾರು, ಎಂಥವರು, ಎಲ್ಲಿದ್ದಾರೆ ಎಂದು ಹೇಳುವಾಗ ಇದು ಬೇಕು. ‘ಅವರು ಮೇಷ್ಟ್ರು’ ಎಂಬಲ್ಲಿ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ‘ಹಿ ಈಸ್ ಎ ಟೀಚರ್’ ಎನ್ನದೆ ಗತಿಯಿಲ್ಲ. ಕೆಲಸ ಈಗ ನಡೆಯುತ್ತಿದ್ದರೂ ಇದೇ ಮನೆ: ‘ಶಿ ಈಸ್ ಕುಕಿಂಗ್’. ಪ್ರಶ್ನೆ ಕೇಳಲು ‘ಈಸ್’ ಅನ್ನು ಮುಂದಕ್ಕೆ ತನ್ನಿ, ಇಲ್ಲ ಎನ್ನಲು ಪಕ್ಕದಲ್ಲಿ ‘ನಾಟ್’ ಇಡಿ.

ಎರಡನೇ ಮನೆಯಲ್ಲಿ ಮಿಕ್ಕ ಕ್ರಿಯಾಪದಗಳಿವೆ: ಬರು, ಹೋಗು, ತಿನ್ನು, ಒಪ್ಪು, ನಿಲ್ಲು. ಇಲ್ಲಿ ‘ಡು’ ಮಾಮೂಲಿ ವಾಕ್ಯದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕ್ರಿಯಾಪದದೊಳಗೆ ಅಡಗಿ ಕೂತಿರುತ್ತದೆ. ಪ್ರಶ್ನೆ ಕೇಳಿದಾಗ ಅಥವಾ ಇಲ್ಲ ಎಂದಾಗ ಹೊರಗೆ ಬರುತ್ತದೆ. ಬರುವಾಗ ಕ್ರಿಯಾಪದದ ಕಾಲವನ್ನೂ ಬಾಲವನ್ನೂ ತಾನೇ ಎತ್ತಿಕೊಂಡು ಬರುತ್ತದೆ. ಹಿಂದೆ ಉಳಿಯುವುದು ಬರೀ ಮೂಲರೂಪ.

ಇದು ಕೇಳಿದರೆ ಹತ್ತುವುದಿಲ್ಲ, ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಮೂರು ಸಾಲು ಬರೆಯಿರಿ.

ದ ಬಸ್ ಸ್ಟಾಪ್ಸ್ ಅಟ್ ಚನ್ನರಾಯಪಟ್ಟಣ.
ದ ಬಸ್ ಡಸ್ ಸ್ಟಾಪ್ ಅಟ್ ಚನ್ನರಾಯಪಟ್ಟಣ.
ಡಸ್ ದ ಬಸ್ ಸ್ಟಾಪ್ ಅಟ್ ಚನ್ನರಾಯಪಟ್ಟಣ?

ಮೊದಲ ಸಾಲಿನಲ್ಲಿ ‘ಸ್ಟಾಪ್ಸ್’ನ ಕೊನೆಯ ‘ಸ್’ಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಎರಡನೇ ಸಾಲಿನಲ್ಲಿ ಅದು ‘ಡಸ್’ನೊಳಗೆ ಸೇರಿದೆ, ‘ಸ್ಟಾಪ್’ ಬೋಳಾಗಿದೆ. ಮೂರನೆಯದರಲ್ಲಿ ‘ಡಸ್’ ಎದ್ದು ಮುಂದೆ ಬಂದಿದೆ, ಅಷ್ಟೆ. ಇಲ್ಲ ಎನ್ನಬೇಕಾದರೆ ಎರಡನೇ ಸಾಲಿನ ‘ಡಸ್’ ಪಕ್ಕ ‘ನಾಟ್’ ಇಡಿ. ಈ ನಡುವಿನ ಸಾಲು ತಪ್ಪಲ್ಲ, ಆದರೆ ‘ನಿಲ್ಲುತ್ತೆ ಕಣ್ರೀ!’ ಎಂದು ವಾದಕ್ಕೆ ನಿಂತಂತೆ ಕೇಳಿಸುತ್ತದೆ. ಅದು ನೋಟ್‌ಬುಕ್ಕಿನಲ್ಲೇ ಇರಲಿ.

ಇನ್ನು ‘ವೆಂಟ್’. ‘ಶಿ ವೆಂಟ್ ಟು ಬೇಲೂರ್’ ಎಂಬುದನ್ನು ಬಿಡಿಸಿದರೆ ‘ಶಿ ಡಿಡ್ ಗೋ ಟು ಬೇಲೂರ್’. ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ವೆಂಟ್’ಗೆ ಅಲ್ಲಿ ಕೆಲಸವಿಲ್ಲ. ‘ಡಿಡ್ ಶಿ ಗೋ?’, ‘ಶಿ ಡಿಡ್ ನಾಟ್ ಗೋ’. ಎಲ್ಲಿಗೆ ಎಂದು ಕೇಳಲು ‘ವೇರ್’ ಅನ್ನು ಎಲ್ಲಕ್ಕೂ ಮುಂದೆ ಇಡಿ: ‘ವೇರ್ ಡಿಡ್ ಶಿ ಗೋ?’ ‘ವೇರ್ ಶಿ ವೆಂಟ್?’ ಎಂದರೆ ಎದುರಿನವರಿಗೆ ಅರ್ಥವಾಗುತ್ತದೆ, ಇಂಟರ್‌ವ್ಯೂನಲ್ಲಿ ಮಾತ್ರ ಪೆಟ್ಟು ಬೀಳುತ್ತದೆ. ಒಂದು ವಿನಾಯಿತಿ ಇದೆ. ‘ಯಾರು ಹೋದರು?’ ಎಂದು ಕೇಳುವಾಗ ‘ಹೂ’ ಪದವೇ ಕರ್ತೃ. ಆಗ ‘ಡಿಡ್’ ಬೇಡ, ‘ಹೂ ವೆಂಟ್?’ ಸರಿ.

‘ಐ ಆ್ಯಮ್ ಅಗ್ರೀ’ಯಲ್ಲಿ ಆಗಿರುವುದೇನೆಂದು ಈಗ ನಿಮಗೇ ಕಾಣುತ್ತದೆ. ‘ಅಗ್ರೀ’ ಎರಡನೇ ಮನೆಯದು, ‘ಆ್ಯಮ್’ ಮೊದಲನೆಯದು. ‘ಐ ಅಗ್ರೀ’ ಸಾಕು. ಒಪ್ಪದಿದ್ದರೆ ‘ಐ ಡು ನಾಟ್ ಅಗ್ರೀ’.

‘ಹಿ, ಶಿ, ಇಟ್ ಬಂದರೆ ಕೊನೆಗೆ ಎಸ್ ಹಾಕು’ ಎಂಬ ಅಡ್ಡದಾರಿಯನ್ನು ಹೈಸ್ಕೂಲಿನಿಂದಲೇ ತಲೆಗೆ ತುಂಬಿರುತ್ತಾರೆ. ಅರ್ಧ ಸತ್ಯ. ಈ ಸೂತ್ರ ಹಿಡಿದವರೇ ‘ಡಸ್ ಹಿ ಗೋಸ್?’, ‘ಹಿ ಕ್ಯಾನ್ ಕಮ್ಸ್’ ಎನ್ನುವುದು. ಕ್ಯಾನ್, ವಿಲ್, ಶುಡ್, ಮಸ್ಟ್ ಬಂದರೆ ‘ಡು’ವೂ ಬೇಡ, ಬಾಲವೂ ಬೇಡ. ಮೊಬೈಲ್ ಆ್ಯಪ್‌ಗಳನ್ನೂ ಇದಕ್ಕೆ ನಂಬಬೇಡಿ. ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತಿಸುತ್ತವೆ. ಸ್ಕೋರು ಏರುತ್ತದೆ, ಬಾಯಿ ತೆರೆದರೆ ಮತ್ತೆ ‘ಡಿಡ್ ವೆಂಟ್’. ದಿನಕ್ಕೆ ಐದು ಪ್ರಶ್ನೆಯನ್ನು ಕೈಯಾರೆ ಬರೆದು ಜೋರಾಗಿ ಓದಿ. ಈ ಹಂತಕ್ಕೆ ತಿಂಗಳಾದರೂ ಆಗಲಿ, ಅವಸರ ಬೇಡ.

ಹಂತ 3: ದಿನಾ ಬರ್ತೀನಿ, ನಾಳೆ ಬರ್ತೀನಿ

ನಮಗೆ ಎರಡಕ್ಕೂ ‘ಬರ್ತೀನಿ’ಯೇ. ಇಂಗ್ಲಿಷಿನಲ್ಲಿ ರೂಢಿಗೆ ‘ಐ ಕಮ್ ಎವ್ರಿ ಡೇ’, ನಾಳೆಗೆ ‘ಐ ವಿಲ್ ಕಮ್ ಟುಮಾರೋ’. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವುದೂ ರೂಢಿಯೇ: ‘ದ ಟೆಂಪಲ್ ಓಪನ್ಸ್ ಒನ್ಸ್ ಎ ಇಯರ್’. ‘ಈಸ್ ಓಪನಿಂಗ್’ ಬೇಡ. ಗೊತ್ತು, ಬೇಕು, ಇಷ್ಟ ಎನ್ನುವಾಗಲೂ ‘ಇಂಗ್’ ಹಚ್ಚಬೇಡಿ. ‘ಐ ಆ್ಯಮ್ ನೋಯಿಂಗ್’ ಅಲ್ಲ, ‘ಐ ನೋ’.

ಇಸವಿ ಹೇಳಿದರೆ ‘ಹ್ಯಾಸ್’ ಬಿಡಿ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದ್ದು 2023ರಲ್ಲಿ. ‘ಬೇಲೂರ್ ಎಂಟರ್ಡ್ ದ ಲಿಸ್ಟ್ ಇನ್ 2023’ ಸರಿ. ‘ಹ್ಯಾಸ್ ಎಂಟರ್ಡ್ ಇನ್ 2023’ ತಪ್ಪು. ಇಸವಿ ತೆಗೆದರೆ ‘ಹ್ಯಾಸ್’ ಇಡಬಹುದು.

ಹಂತ 4: ಎ, ಆ್ಯನ್, ದ

‘ಎ’ಯೋ ‘ಆ್ಯನ್’ಓ ಎಂಬ ಅನುಮಾನ ಬಂದರೆ ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’: ಆ್ಯನ್ ಅವರ್, ಆ್ಯನ್ ಎಂಎಲ್‌ಎ. ವ್ಯಂಜನವಾದರೆ ‘ಎ’: ಎ ಯೂನಿವರ್ಸಿಟಿ. ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ಎರಡೂ ಕಡೆ ಮೋಸ ಹೋಗುತ್ತೀರಿ. ಈ ಉಪಾಯ ಕೈಕೊಡುವುದು ‘ಒನ್’ ಬಂದಾಗ. ಅದನ್ನು ‘ವನ್’ ಎಂದು ಬರೆದುಕೊಂಡರೆ ಸರಿಹೋಗುತ್ತದೆ.

ಕೇಳುವವರಿಗೂ ಯಾವುದೆಂದು ಗೊತ್ತಿದ್ದರೆ ‘ದ’. ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಹಳೆಯದು ಎನ್ನುವಾಗಲೂ ‘ದ’: ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’. ಊರ ಹೆಸರಿನ ಮುಂದೆ ಬೇಡ.

ಹಂತ 5: ಪ್ರಿಪೊಸಿಷನ್

ಇದಕ್ಕೆ ಸೂತ್ರ ಹುಡುಕಬೇಡಿ, ಅಟ್, ಇನ್, ಆನ್ ಪಟ್ಟಿಯನ್ನು ಉರು ಹೊಡೆಯಲೂ ಬೇಡಿ. ಪದ ಕಲಿಯುವಾಗ ಅದಕ್ಕೆ ಅಂಟಿಕೊಂಡು ಬರುವುದನ್ನೂ ಸೇರಿಸಿಯೇ ಬರೆದುಕೊಳ್ಳಿ. ‘ಗುಡ್ ಅಟ್ ಮ್ಯಾಥ್ಸ್’, ‘ವೇಟ್ ಫಾರ್ ದ ಬಸ್’. ಅವನ ಜೊತೆ ಮದುವೆಯಾಗಿದೆ ಎಂದು ‘ಮ್ಯಾರೀಡ್ ವಿತ್’ ಬರೆಯುತ್ತೀರಿ, ಅದು ‘ಮ್ಯಾರೀಡ್ ಟು’. ‘ಡಿಸ್ಕಸ್’ ಮುಂದೆ ಮಾತ್ರ ‘ಅಬೌಟ್’ ಹಾಕಬೇಡಿ. ಆಫೀಸಿನ ಪತ್ರಗಳಲ್ಲೂ ಅದು ಕಾಣುತ್ತದೆ, ಆದರೂ ತಪ್ಪೇ.