ಟೈಮ್ ವಾರ್ನರ್ ಕೊಂಡು ಎಒಎಲ್ ಶಾರ್ಟ್ ಮಾಡಿದ ವರ್ಷ

1999ರಲ್ಲಿ ನ್ಯೂಜೆರ್ಸಿಯಲ್ಲಿ ನಾಲ್ಕು ಜನ ಕನ್ನಡದ ಸಾಫ್ಟ್‌ವೇರ್ ಹುಡುಗರು ಸೇರಿದರೆ ಡಾಟ್‌ಕಾಂ ಷೇರುಗಳದ್ದೇ ಮಾತು. ನಾನು ಹಿಡಿದ ದಾರಿ ಬೇರೆ. ಇಂಟರ್‌ನೆಟ್ ಕಂಪನಿಯೊಂದು ಎಷ್ಟು ಬೆಳೆಯುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಒಂದು ಕಂಪನಿ ಇನ್ನೊಂದನ್ನು ಎಷ್ಟಕ್ಕೆ ಕೊಳ್ಳುತ್ತದೆ ಅನ್ನುವುದು ಒಪ್ಪಂದದಲ್ಲೇ ಬರೆದಿರುತ್ತದೆ. ಓದಿ ಲೆಕ್ಕ ಹಾಕಬಹುದು.

ಮಾಧ್ಯಮ ಕಂಪನಿಗಳಲ್ಲಿ ಆಗ ಖರೀದಿಯ ಭರಾಟೆ. ಆಗಸ್ಟ್‌ನಲ್ಲಿ ಅಮೆರಿಕದ ಸಂವಹನ ನಿಯಂತ್ರಕ ಎಫ್‌ಸಿಸಿ ಟಿವಿ ಕೇಂದ್ರಗಳ ಒಡೆತನದ ನಿಯಮ ಸಡಿಲಿಸಿತು. ಸೆಪ್ಟೆಂಬರ್‌ನಲ್ಲಿ ವಯಾಕಾಂ ಕಂಪನಿ ಟಿವಿ ಜಾಲ ಸಿಬಿಎಸ್ ಅನ್ನು ಕೊಳ್ಳುವುದಾಗಿ ಸಾರಿತು, ಒಂದು ಸಿಬಿಎಸ್ ಷೇರಿಗೆ ವಯಾಕಾಂನ ಬಿ ವರ್ಗದ 1.085 ಷೇರು. ಮುಂದಿನ ಸರದಿ ಯಾರದು ಎಂದು ಊಹಿಸಿ ಮೊದಲೇ ಕೊಂಡಿಟ್ಟುಕೊಳ್ಳುವವರು ಬಹಳ ಜನ. ತಗುಲಿದರೆ ಭರ್ಜರಿ ಲಾಭ: 2000ದ ಮಾರ್ಚ್‌ನಲ್ಲಿ ಟ್ರಿಬ್ಯೂನ್ ಕಂಪನಿ, 48 ಡಾಲರ್ ಹತ್ತಿರವಿದ್ದ ಟೈಮ್ಸ್ ಮಿರರ್ ಷೇರಿಗೆ 95 ಕೊಡಲು ಬಂತು. ತಗುಲದಿದ್ದರೆ ದುಡ್ಡು ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ನಾನು ಘೋಷಣೆ ಆಗುವ ತನಕ ಕೈ ಹಾಕುತ್ತಿರಲಿಲ್ಲ.

2000ದ ಜನವರಿ 10ರ ಸೋಮವಾರ ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿ ಎಒಎಲ್, ಮಾಧ್ಯಮ ಕಂಪನಿ ಟೈಮ್ ವಾರ್ನರ್ ಅನ್ನು ಕೊಳ್ಳುವ ಸುದ್ದಿ ಬಂತು. ಎಒಎಲ್‌ನ ಸ್ಟೀವ್ ಕೇಸ್ ಟೈ ಕಟ್ಟಿದ್ದರು, ಟೈಮ್ ವಾರ್ನರ್‌ನ ಜೆರಾಲ್ಡ್ ಲೆವಿನ್ ಟೈ ಇಲ್ಲದೆ ಬಂದಿದ್ದರು. ಟಿವಿಯವರಿಗೆ ಅದೇ ದೊಡ್ಡ ವಿಷಯ. ನನಗೆ ಬೇಕಿದ್ದದ್ದು ಒಂದೇ ಸಂಖ್ಯೆ: ಒಂದು ಟೈಮ್ ವಾರ್ನರ್ ಷೇರಿಗೆ ಹೊಸ ಕಂಪನಿಯ 1.5 ಷೇರು, ಒಂದು ಎಒಎಲ್ ಷೇರಿಗೆ 1.

ಶುಕ್ರವಾರ 64.75 ಇದ್ದ ಟೈಮ್ ವಾರ್ನರ್ ಆ ದಿನ 92ರ ಆಸುಪಾಸಿಗೆ ಏರಿತು, ಎಒಎಲ್ ಸುಮಾರು 72ರಲ್ಲಿತ್ತು. ಲೆಕ್ಕ ನೋಡಿ. 100 ಟೈಮ್ ವಾರ್ನರ್ ಕೊಳ್ಳಲು 9,200 ಡಾಲರ್. 150 ಎಒಎಲ್ ಷೇರು ಸಾಲ ಪಡೆದು ಮಾರಿದರೆ, ಅಂದರೆ ಶಾರ್ಟ್ ಮಾಡಿದರೆ, 10,800. ವಿಲೀನ ಮುಗಿದ ದಿನ ಆ 100 ಷೇರು 150 ಆಗುತ್ತದೆ, ಸಾಲ ತೀರುತ್ತದೆ, 1,600 ಉಳಿಯುತ್ತದೆ. ಎಒಎಲ್ ಏರಿದರೂ ಇಳಿದರೂ ಈ 1,600 ಬದಲಾಗುವುದಿಲ್ಲ. ಅಷ್ಟು ಅಗಲದ ಸ್ಪ್ರೆಡ್, ಅಂದರೆ ಎರಡು ಬೆಲೆಗಳ ನಡುವಿನ ಅಂತರ, ಸುಮ್ಮನೆ ಸಿಗುವುದಿಲ್ಲ: ಸರ್ಕಾರದ ಒಪ್ಪಿಗೆಗೆ ವರ್ಷ ಹಿಡಿಯುತ್ತದೆ ಎಂದು ಪೇಟೆಗೆ ಗೊತ್ತಿತ್ತು, ಈ ಮದುವೆ ನಡೆಯುತ್ತದೋ ಇಲ್ಲವೋ ಅನ್ನುವ ಅನುಮಾನವೂ ಇತ್ತು.

ಕಷ್ಟ ಇದ್ದದ್ದು ಶಾರ್ಟ್ ಮಾಡುವುದರಲ್ಲಿ. ಎಒಎಲ್ ಇದ್ದದ್ದು ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ, ಅಲ್ಲಿ ಬೆಲೆ ಒಂದು ಹೆಜ್ಜೆ ಮೇಲೆ ಹೋದಾಗ ಮಾತ್ರ ಶಾರ್ಟ್ ಮಾಡಬಹುದಿತ್ತು. ಷೇರು ಜಾರುತ್ತಲೇ ಇದ್ದಾಗ ಆರ್ಡರ್ ಕಾಯುತ್ತಾ ಕೂರುತ್ತಿತ್ತು. ಬೆಲೆಗಳಿನ್ನೂ ಹದಿನಾರರ ಭಿನ್ನರಾಶಿಯಲ್ಲಿದ್ದ ಕಾಲ. ಅದಕ್ಕೇ ನಾನು ಮೊದಲು ಶಾರ್ಟ್ ಮಾಡಿ, ಅದು ಆದ ಕೂಡಲೇ ಅದರ ಅಳತೆಗೆ ಟೈಮ್ ವಾರ್ನರ್ ಕೊಳ್ಳುತ್ತಿದ್ದೆ. ಬರೀ ಶಾರ್ಟ್ ಅಥವಾ ಬರೀ ಖರೀದಿ, ಹೀಗೆ ಒಂದು ಕಾಲು ಮಾತ್ರ ಇಟ್ಟು ರಾತ್ರಿ ಕಳೆಯಬಾರದು. ಅದು ನನ್ನ ಕಟ್ಟುನಿಟ್ಟು.

ನಿಜವಾದ ಅಪಾಯ ಒಪ್ಪಂದ ಮುರಿದು ಬೀಳುವುದು. ಹಾಗಾದರೆ ಟೈಮ್ ವಾರ್ನರ್ ಹಳೆಯ 65ಕ್ಕೆ ಬೀಳಬಹುದು, ಎಒಎಲ್ ಮೇಲಕ್ಕೆ ಹಾರಬಹುದು, ಎರಡೂ ಕಡೆ ಪೆಟ್ಟು. ಆದ್ದರಿಂದ ಕಳೆದುಕೊಂಡರೂ ಮನೆ ಖರ್ಚಿಗೆ ತಟ್ಟದಷ್ಟೇ ಹಾಕಿದೆ. ಆಮೇಲೆ ಷೇರಿನ ಬೆಲೆಗಿಂತ ಹೆಚ್ಚಾಗಿ ಒಪ್ಪಿಗೆ ಕೊಡಬೇಕಿದ್ದ ಬ್ರಸೆಲ್ಸ್ (ಯುರೋಪಿನ ಒಕ್ಕೂಟ) ಮತ್ತು ವಾಷಿಂಗ್ಟನ್ ಸುದ್ದಿ ಓದಿದೆ. ಅಕ್ಟೋಬರ್‌ನಲ್ಲಿ ಟೈಮ್ ವಾರ್ನರ್‌ನದೇ ಆದ ವಾರ್ನರ್ ಮ್ಯೂಸಿಕ್ ಮತ್ತು ಬ್ರಿಟನ್ನಿನ ಸಂಗೀತ ಕಂಪನಿ ಇಎಂಐ ವಿಲೀನ ಕೈಬಿಟ್ಟಾಗ ಯುರೋಪಿನ ದಾರಿ ಸಲೀಸಾಯಿತು. ನವೆಂಬರ್‌ನಲ್ಲಿ ಟೈಮ್ ವಾರ್ನರ್ ತನ್ನ ಕೇಬಲ್ ಮೇಲೆ ಎಒಎಲ್‌ನ ಪೈಪೋಟಿಗಾರ ಅರ್ಥ್‌ಲಿಂಕ್‌ಗೆ ಜಾಗ ಕೊಡಲು ಒಪ್ಪಿತು. ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಅಮೆರಿಕದ ಸಂಸ್ಥೆ ಎಫ್‌ಟಿಸಿ ಕೇಳುತ್ತಿದ್ದದ್ದೇ ಇದು, ಇನ್ನು ಮುರಿಯುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆಗ. ಡಿಸೆಂಬರ್ 14ಕ್ಕೆ ಎಫ್‌ಟಿಸಿ ಒಪ್ಪಿತು.

ಅಷ್ಟರೊಳಗೆ ತಂತ್ರಜ್ಞಾನ ಷೇರುಗಳೇ ತುಂಬಿದ್ದ ನಾಸ್ಡಾಕ್ ಸೂಚ್ಯಂಕ ಕುಸಿದಿತ್ತು. ವರ್ಷದ ಕೊನೆಗೆ ಎಒಎಲ್ 35ರ ಹತ್ತಿರ, ಟೈಮ್ ವಾರ್ನರ್ 52ರ ಹತ್ತಿರ. ಟೈಮ್ ವಾರ್ನರ್ ಮಾತ್ರ ಹಿಡಿದವರಿಗೆ ಷೇರಿಗೆ 40 ಡಾಲರ್ ಹೋಯಿತು. ನೌಕರರ ನಿವೃತ್ತಿ ಖಾತೆಗಳಲ್ಲೂ ಅದೇ ಷೇರು ಇತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನನ್ನ ನೂರಕ್ಕೆ 4,000 ನಷ್ಟ, ಶಾರ್ಟ್ ಮಾಡಿದ ನೂರೈವತ್ತಕ್ಕೆ 5,550 ಲಾಭ. ಅಲ್ಲಿಗೆ 1,550 ಬಂದಂತಾಯಿತು, ಉಳಿದ 50 ವಿಲೀನ ಮುಗಿದಾಗ.

2001ರ ಜನವರಿ 11ರಂದು ಎಫ್‌ಸಿಸಿ ಒಪ್ಪಿಗೆ ಬಂತು, ಅಂದೇ ವಿಲೀನ ಮುಗಿಯಿತು. ಬಂದ ಹೊಸ ಷೇರುಗಳೆಲ್ಲ ಸಾಲಕ್ಕೆ ಜಮೆಯಾದವು, ಎಒಎಲ್ ಟೈಮ್ ವಾರ್ನರ್‌ನ ಒಂದು ಷೇರನ್ನೂ ಇಟ್ಟುಕೊಳ್ಳಲಿಲ್ಲ. ಉಳಿದ ಹಣ ಕ್ರಿಸ್-ಕ್ರಾಫ್ಟ್ ಕಂಪನಿಯ ಷೇರಿಗೆ ಹೋಯಿತು: ಅದರ ಟಿವಿ ಕೇಂದ್ರಗಳನ್ನು ಕೊಳ್ಳಲು ಮರ್ಡೋಕ್‌ರ ನ್ಯೂಸ್ ಕಾರ್ಪ್ 2000ದ ಆಗಸ್ಟ್‌ನಲ್ಲೇ ಒಪ್ಪಂದ ಮಾಡಿಕೊಂಡಿತ್ತು, ಎಫ್‌ಸಿಸಿ ಒಪ್ಪಿಗೆ ಇನ್ನೂ ಬರಬೇಕಿತ್ತು.