ಕ್ಯಾಂಟರ್ಬರಿಯ ಟ್ರಿನಿಟಿ ಚಾಪೆಲ್: ನೋಡಬೇಕಾದ ಕ್ರಮ

ಇಂಗ್ಲೆಂಡಿನ ಕ್ಯಾಂಟರ್ಬರಿ ಕೆಥೆಡ್ರಲ್ಲಿನಲ್ಲಿ ನೇರವಾಗಿ ಪೂರ್ವಭಾಗದ ಪ್ರಾರ್ಥನಾ ಮಂದಿರವಾದ ಟ್ರಿನಿಟಿ ಚಾಪೆಲ್ಲಿಗೆ ಹೋದರೆ ಕಾಣುವುದು ಖಾಲಿ ನೆಲ, ಅದರ ಮೇಲೊಂದು ಮೇಣದಬತ್ತಿ. ಇಷ್ಟೇನಾ ಅನ್ನಿಸುತ್ತದೆ. ಸಂತ ಥಾಮಸ್ ಬೆಕೆಟ್‌ನ ದೇಹ ಸಾಗಿದ ದಾರಿಯಲ್ಲೇ ನಡೆದು ಅಲ್ಲಿಗೆ ಬನ್ನಿ.

ಮೊದಲು ವಾಯವ್ಯದ ಅಡ್ಡಸಾಲಿಗೆ (ಕಟ್ಟಡದಿಂದ ಅಡ್ಡಲಾಗಿ ಚಾಚಿದ ಭಾಗ, ಟ್ರಾನ್ಸೆಪ್ಟ್) ಹೋಗಿ. ದೊರೆ ಎರಡನೇ ಹೆನ್ರಿಯ ನಾಲ್ವರು ಸರದಾರರು 1170ರ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಬೆಕೆಟ್‌ನನ್ನು ಕೊಂದದ್ದು ಇಲ್ಲಿ. ಅಲ್ಲಿಂದ ನೆಲಮಾಳಿಗೆಗೆ ಇಳಿದು ಪೂರ್ವ ತುದಿಯವರೆಗೂ ನಡೆಯಿರಿ. ದೇಹ 1220ರವರೆಗೆ ಇದ್ದದ್ದು ಈ ಭಾಗದಲ್ಲಿ. ಆತುರದಲ್ಲಿ ಇದನ್ನು ಬಿಟ್ಟರೆ ಮೇಲೆ ಚಾಪೆಲ್ಲಿನ ಕಿಟಕಿಗಾಜುಗಳ ಅರ್ಧದಷ್ಟು ಚಿತ್ರಗಳು ತಿಳಿಯುವುದಿಲ್ಲ.

1174ರ ಬೆಂಕಿಯಲ್ಲಿ ಪೂರ್ವಭಾಗ ಸುಟ್ಟುಹೋಯಿತು. ಮರುಕಟ್ಟಡಕ್ಕೆ ಕೈಹಾಕಿದ ಫ್ರೆಂಚ್ ಶಿಲ್ಪಿ ಸೆನ್ಸ್‌ನ ವಿಲಿಯಂ 1178ರಲ್ಲಿ ಅಟ್ಟಣಿಗೆಯಿಂದ ಬಿದ್ದು ಕೆಲಸ ಬಿಡಬೇಕಾಯಿತು. ಅದೇ ಹೆಸರಿನ ಇಂಗ್ಲಿಷ್ ಶಿಲ್ಪಿಯೊಬ್ಬ 1184ರ ಹೊತ್ತಿಗೆ ಚಾಪೆಲ್ ಮುಗಿಸಿದ. ಈಗ ಮೆಟ್ಟಿಲು ಹತ್ತಿ. ಯಾತ್ರಿಕರು ಹತ್ತಿ ಹತ್ತಿ ಕಲ್ಲು ಸವೆದಿದೆ, ಹೆಜ್ಜೆ ಜೋಪಾನ.

ಹೆಚ್ಚು ಹೊತ್ತು ಬೇಕಾದದ್ದು ಸುತ್ತಲಿನ ಪವಾಡದ ಕಿಟಕಿಗಳಿಗೆ, ಅಂದರೆ ಬೆಕೆಟ್‌ನ ಪವಾಡಗಳನ್ನು ಬಣ್ಣದ ಗಾಜಿನಲ್ಲಿ ಚಿತ್ರಿಸಿದ ಕಿಟಕಿಗಳಿಗೆ. ಬೈನಾಕ್ಯುಲರ್ ಒಯ್ಯಿರಿ, ಬರಿಗಣ್ಣಿಗೆ ಮೇಲಿನ ಚಿತ್ರಗಳು ಬಣ್ಣದ ಚುಕ್ಕೆಗಳಷ್ಟೇ. ಕತೆ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಮೇಲಿನಿಂದ ಶುರುಮಾಡಿದರೆ ಗುಣವಾದ ರೋಗಿ ಮತ್ತೆ ಹಾಸಿಗೆ ಹಿಡಿಯುತ್ತಾನೆ! ಚಿತ್ರದಲ್ಲಿ ಸಮಾಧಿಯ ಪಕ್ಕದಲ್ಲಿ ಮೊಟ್ಟೆಯಾಕಾರದ ಕಿಂಡಿಗಳಿದ್ದರೆ ಅದು ನೆಲಮಾಳಿಗೆಯ ಹಳೆಯ ಸಮಾಧಿ. ಕಿಂಡಿಯೊಳಗೆ ತಲೆತೂರಿಸಿ ಶವಪೆಟ್ಟಿಗೆಗೆ ಮುತ್ತಿಡುವುದು ರೂಢಿಯಾಗಿತ್ತು. ಜೋರ್ಡನ್ ಫಿಟ್ಸ್-ಐಸುಲ್ಫ್‌ನ ಮನೆಯ ಕತೆಯನ್ನು ತಪ್ಪಿಸಬೇಡಿ. ಸಂತನ ರಕ್ತ ಬೆರೆತ ನೀರಿನಿಂದ, ಅಂದರೆ ಅಲ್ಲಿಯ ತೀರ್ಥದಿಂದ, ಸತ್ತ ಮಗ ಬದುಕುತ್ತಾನೆ. ತಂದೆತಾಯಿ ಹರಕೆ ತೀರಿಸುವುದನ್ನು ಮರೆತಾಗ ಮನೆಗೆ ಮತ್ತೆ ಸಾವು ಬರುತ್ತದೆ. ಹರಕೆ ಎಂದರೇನೆಂದು ಬಲ್ಲ ನಮಗೆ ಇದರ ವ್ಯಾಖ್ಯಾನ ಬೇಡ. ಒಂದು ಎಚ್ಚರಿಕೆ: ಕೆಲವು ಮುಖಗಳು, ತುಣುಕುಗಳು 19ನೇ ಶತಮಾನದ ದುರಸ್ತಿಯವು. ಕಂಡದ್ದೆಲ್ಲ ಮಧ್ಯಯುಗದ್ದಲ್ಲ.

ಕೊನೆಗೆ ನೆಲ. 1220ರ ಜುಲೈ 7ರಂದು ದೇಹವನ್ನು ಮೇಣದಬತ್ತಿ ಇರುವ ಜಾಗಕ್ಕೆ ತಂದರು. 1538ರಲ್ಲಿ ಎಂಟನೇ ಹೆನ್ರಿಯ ಆಜ್ಞೆಯಂತೆ ಗದ್ದುಗೆ ನೆಲಸಮವಾಯಿತು. ಅದರ ಪಶ್ಚಿಮಕ್ಕೆ ಅಮೃತಶಿಲೆಯ ಹಾಸನ್ನೂ ರಾಶಿಚಿಹ್ನೆಗಳ ದುಂಡು ಫಲಕಗಳನ್ನೂ ಹುಡುಕಿ. ಪಕ್ಕದ ಭವ್ಯ ಗೋರಿಗಳು ಬೆಕೆಟ್‌ನವಲ್ಲ: ಒಂದು 1376ರಲ್ಲಿ ತೀರಿಕೊಂಡ ರಾಜಕುಮಾರ ಎಡ್ವರ್ಡ್‌ನದು, ಇನ್ನೊಂದು ನಾಲ್ಕನೇ ಹೆನ್ರಿಯದು. ಸಂತನ ಮಗ್ಗುಲಲ್ಲಿ ಮಲಗಿದ ಇವರ ಗೋರಿಗಳು ಉಳಿದವು, ಸಂತನ ಗದ್ದುಗೆ ಉಳಿಯಲಿಲ್ಲ.