ಹಾಡಿದ್ದಕ್ಕೆ ರಾಯಲ್ಟಿ: ನಾನು ಮಾಡ್ಕೊಂಡಿದ್ದು ಹೀಗೆ

ನಾನು ಬೆಂಗಳೂರಲ್ಲಿ ಸುಗಮ ಸಂಗೀತ ಹಾಡ್ತೀನಿ, ಸಿನಿಮಾ ಕೋರಸ್‌ಗೂ ಕರೀತಾರೆ. ಅಲ್ಲಿನ ಪದ್ಧತಿ ಈ ಫೀಲ್ಡಲ್ಲಿರೋ ಎಲ್ಲರಿಗೂ ಗೊತ್ತಿರೋದೇ, ಹಾಡ್ಬೇಕು, ವೋಚರ್‌ಗೆ ಸೈನ್ ಹಾಕ್ಬೇಕು, ಪೇಮೆಂಟ್ ತಗೊಂಡು ಮನೆಗೆ ಬರ್ಬೇಕು, ಆಮೇಲೆ ಹಾಡು ಎಷ್ಟು ವರ್ಷ ಓಡಿದ್ರೂ ನಮಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋ ಲೆಕ್ಕ. ಕಾನೂನು ಹಾಗೆ ಹೇಳಲ್ಲ. 2012ರ ತಿದ್ದುಪಡಿ ಆದ್ಮೇಲೆ ಕಾಪಿರೈಟ್ ಆಕ್ಟ್‌ನ 38ಎ ಸೆಕ್ಷನ್ ಪ್ರಕಾರ ನಾವು ಹಾಡಿದ್ದನ್ನ ಕಮರ್ಷಿಯಲ್ ಆಗಿ ಬಳಸಿದ್ರೆ ರಾಯಲ್ಟಿ ನಮ್ಮ ಹಕ್ಕು, ಸಿನಿಮಾಕ್ಕೆ ಒಪ್ಪಿ ಬರ್ಕೊಟ್ಟಿದ್ರೂ ಅಷ್ಟೇ. ಈ ಹಕ್ಕು 50 ವರ್ಷ ಇರತ್ತೆ.

ಆದ್ರೆ ಕೋರಸ್‌ನವರು ನೋಡ್ಲೇಬೇಕಾದ ಇನ್ನೊಂದು ಮಾತು ಅದೇ ಆಕ್ಟಲ್ಲಿದೆ. ಸಿನಿಮಾದಲ್ಲಿ ಯಾರ ಹಾಡಿಕೆ ಅಥವಾ ನಟನೆ ಸುಮ್ನೆ ಹೀಗೆ ಬಂದು ಹಾಗೆ ಹೋಗೋ ಥರದ್ದಾಗಿದ್ದು, ಇಂಡಸ್ಟ್ರಿ ವಾಡಿಕೆಯಂತೆ ಅವರ ಹೆಸರು ಕ್ರೆಡಿಟ್ಸ್‌ನಲ್ಲೂ ಎಲ್ಲೂ ಬರಲ್ವೋ, ಅವರನ್ನ ರಾಯಲ್ಟಿ ವಿಷಯದಲ್ಲಿ ಪರ್ಫಾರ್ಮರ್ ಅಂತಾನೇ ಲೆಕ್ಕಕ್ಕೆ ತಗೊಳಲ್ಲ! ಹೆಸರು ಹಾಕ್ಸೋದು ಬರೀ ಗೌರವದ ವಿಷಯ ಅಲ್ಲ, ದುಡ್ಡಿನ ವಿಷಯ ಕೂಡ. ಹಾಗಾಗಿ ಮೈಕ್ ಮುಂದೆ ನಿಲ್ಲೋ ಮುಂಚೆನೇ ಕೋಆರ್ಡಿನೇಟರ್‌ಗೆ "ಸರ್, ಕ್ರೆಡಿಟಲ್ಲಿ ನಮ್ಮೆಲ್ಲರ ಹೆಸರು ಬರುತ್ತೆ ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕ್ಬಿಡಿ" ಅಂತೀನಿ. ಕೆಲವರು ಮುಖ ಗಂಟು ಹಾಕ್ಕೋತಾರೆ, ಹಾಕ್ಕೊಳ್ಳಲಿ. ಒಂದು ಕಡೆ ವೋಚರ್‌ನಲ್ಲೇ "ರಾಯಲ್ಟಿ ಸೇರಿ ಎಲ್ಲಾ ಹಕ್ಕು ಬಿಟ್ಟುಕೊಟ್ಟಿದ್ದೇನೆ" ಅಂತ ಪ್ರಿಂಟಾಗಿತ್ತು, ನಾನು "ರಾಯಲ್ಟಿ ಸೇರಿ" ಅನ್ನೋದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸೈನ್ ಮಾಡಿ, ಫೋಟೋ ತೆಗೆದಿಟ್ಕೊಂಡೇ ವಾಪಸ್ ಕೊಟ್ಟೆ.

ಆಮೇಲೆ ಸ್ವಂತವಾಗಿ ಒಂದು ಆಲ್ಬಂ ಮಾಡಿದೆ. ವಚನಗಳನ್ನ ಆರಿಸ್ಕೊಂಡೆ, ಭಕ್ತಿ ಇದ್ದೇ ಇದೆ, ಜೊತೆಗೆ 12ನೇ ಶತಮಾನದ ಸಾಹಿತ್ಯಕ್ಕೆ ಯಾರ ಪರ್ಮಿಷನ್ನೂ ಬೇಡ. ಬೇಂದ್ರೆಯವರ ಕವಿತೆ ಹಾಡೋ ಆಸೆಯೂ ಇತ್ತು, ಆದ್ರೆ ಅವರು ತೀರ್ಕೊಂಡಿದ್ದು 1981ರಲ್ಲಿ, ಕವಿ ಹೋದ್ಮೇಲೂ 60 ವರ್ಷ ಹಕ್ಕು ಇರತ್ತೆ, ಅಂದ್ರೆ 2041 ಮುಗಿಯೋವರೆಗೂ ಹಕ್ಕುದಾರರನ್ನ ಕೇಳ್ಲೇಬೇಕು, ಕೇಳೋದು ನ್ಯಾಯ ಕೂಡ.

ಒಂದೇ ಹಾಡಲ್ಲಿ ನನ್ನ ಕೆಲಸ ಮೂರಿತ್ತು, ದುಡ್ಡು ಬರೋ ದಾರಿನೂ ಮೂರು. ರಾಗ ಹಾಕಿದ್ದಕ್ಕೆ ಐಪಿಆರ್‌ಎಸ್ (ಹಾಡು ಬರೆದವರು, ರಾಗ ಹಾಕಿದವರ ರಾಯಲ್ಟಿ ಸಂಗ್ರಹಿಸಿ ಹಂಚೋ ಸಂಸ್ಥೆ) ಮೆಂಬರ್ ಆದೆ, ಹಾಡಿದ್ದಕ್ಕೆ ಇಸಾಮ್ರಾ (ಗಾಯಕರು, ವಾದಕರಿಗೆ ಅದೇ ಕೆಲಸ ಮಾಡೋ ಸಂಸ್ಥೆ) ಸೇರಿದೆ, ರೆಕಾರ್ಡಿಂಗ್ ನಂದೇ ಆಗಿದ್ರಿಂದ ಸ್ಟ್ರೀಮಿಂಗ್ ದುಡ್ಡು, ಹಾಡನ್ನ ಮ್ಯೂಸಿಕ್ ಆ್ಯಪ್‌ಗಳಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಕಡೆಯಿಂದ. ಪ್ರತಿ ಟ್ರ್ಯಾಕ್‌ಗೂ ಅದನ್ನ ಗುರುತಿಸೋಕೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಅನ್ನೋ ಕೋಡ್ ಇರತ್ತೆ, ಅದನ್ನ ಬರೆದಿಟ್ಕೊಳ್ಳಿ. ಮೂರೂ ಕಡೆ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಒಂದೇ ಥರ ಇರ್ಬೇಕು, ಒಂದು ಕಡೆ ಇನಿಷಿಯಲ್ ಮುಂದೆ ಇನ್ನೊಂದು ಕಡೆ ಹಿಂದೆ ಅಂತ ಆದ್ರೆ ಸಿಸ್ಟಮ್‌ಗೆ ನೀವು ಇಬ್ಬರು ಬೇರೆ ಬೇರೆ ಜನ, ದುಡ್ಡು ಅಲ್ಲೇ ನಿಂತುಬಿಡತ್ತೆ.

ಬರೋ ಮೊತ್ತ ದೊಡ್ಡದಲ್ಲ, ಸಂಗೀತ ಕಚೇರಿಗಳ ಪೇಮೆಂಟೇ ಈಗಲೂ ನನ್ನ ಮನೆ ನಡೆಸೋದು. ಆದ್ರೂ ತಬಲಾ, ಕೊಳಲು ನುಡಿಸಿದವರ ಹೆಸರು, ಪಾಲು ಎರಡನ್ನೂ ರೆಕಾರ್ಡಿಂಗ್ ದಿನಾನೇ ಒಂದು ಹಾಳೇಲಿ ಬರೆದು ಎಲ್ಲರ ಸೈನ್ ತಗೊಂಡೆ, ಅವರೂ ಪರ್ಫಾರ್ಮರ್‌ಗಳೇ ಅಲ್ವಾ.